ಬಾಗಿಲ ಕಾವಲು, ಬಯಲ ಕಾವಲು

ಆಟದ ಅಂಗಳದಲ್ಲಿ ಪ್ರೇಕ್ಷಕರ ಕಣ್ಣು ಯಾವಾಗಲೂ ಚೆಂಡಿನ ಬೆನ್ನು ಹತ್ತಿರುತ್ತದೆ. ಅಂಕ ಗಳಿಸಿದವನಿಗೆ ಚಪ್ಪಾಳೆ ದೊರೆಯುತ್ತದೆ. ಎದುರಾಳಿಯು ಅಂಕ ಗಳಿಸದಂತೆ ತಡೆದವನ ಹೆಸರನ್ನು ಮರುದಿನ ನೆನೆಯುವವರು ವಿರಳ. ಆದರೆ ಗಳಿಸುವುದು ಎಷ್ಟು ಮುಖ್ಯವೋ ಗಳಿಸಿದ್ದನ್ನು ಕಾಯ್ದುಕೊಳ್ಳುವುದೂ ಅಷ್ಟೇ ಮುಖ್ಯ. ಸಂಸಾರಕ್ಕೆ ಸಲ್ಲುವ ಈ ಮಾತು ಆಟಕ್ಕೂ ಸಲ್ಲುತ್ತದೆ. ಇದನ್ನು ಮನಗಂಡೇ ಅಮೆರಿಕದ ರಾಷ್ಟ್ರೀಯ ಬ್ಯಾಸ್ಕೆಟ್‌ಬಾಲ್ ಸಂಘವು, ಅಂದರೆ ಎನ್.ಬಿ.ಎ., 1982-83ನೆಯ ಋತುವಿನಿಂದ ವರ್ಷದ ಅತ್ಯುತ್ತಮ ರಕ್ಷಣಾ ಆಟಗಾರನಿಗೆ ಒಂದು ಪ್ರಶಸ್ತಿಯನ್ನು ನೀಡುತ್ತ ಬಂದಿದೆ. ತೆರೆಯ ಮರೆಯ ದುಡಿಮೆಗೆ ಸಂದ ಈ ಗೌರವವು ಸ್ತುತ್ಯವಾದುದೇ. ಆದರೆ ಆ ಗೌರವವು ದುಡಿದವರೆಲ್ಲರಿಗೂ ಸಮನಾಗಿ ಎಟುಕುತ್ತಿದೆಯೆ? ಒಂದೇ ಪ್ರಶಸ್ತಿ ಸಾಕೆ, ಎರಡು ಬೇಕೆ? ಇದು ವಿಚಾರಾರ್ಹವಾದ ಪ್ರಶ್ನೆ.

ಇದನ್ನು ಅರಿಯಬೇಕಾದರೆ ಆಟದ ಸ್ವರೂಪವನ್ನು ಸ್ವಲ್ಪ ತಿಳಿಯಬೇಕು. 1891ರ ಡಿಸೆಂಬರಿನಲ್ಲಿ ಅಮೆರಿಕದ ಸ್ಪ್ರಿಂಗ್‌ಫೀಲ್ಡ್ ಎಂಬ ಊರಿನಲ್ಲಿ ಜೇಮ್ಸ್ ನೈಸ್ಮಿತ್ ಎಂಬ ವ್ಯಾಯಾಮ ಶಿಕ್ಷಕರು ರೂಪಿಸಿದ ಆಟ ಬ್ಯಾಸ್ಕೆಟ್‌ಬಾಲ್. ಎನ್.ಬಿ.ಎ. ಅಂಗಳದ ಉದ್ದ 94 ಅಡಿ, ಅಗಲ 50 ಅಡಿ. ಎರಡು ತುದಿಗಳಲ್ಲಿಯೂ ನೆಲದಿಂದ 10 ಅಡಿ ಎತ್ತರದಲ್ಲಿ ಒಂದೊಂದು ಕಬ್ಬಿಣದ ಬಳೆ. ಅದಕ್ಕೆ ಜೋತುಬಿದ್ದ ಬಲೆ. ತಂಡಕ್ಕೆ ಐವರಂತೆ ಆಡುವರು. ಚೆಂಡು ಕೈಗೆ ಬಂದ 24 ಸೆಕೆಂಡುಗಳೊಳಗೆ ಅದನ್ನು ಬಳೆಯತ್ತ ಎಸೆಯಬೇಕು. ಈ 24 ಸೆಕೆಂಡುಗಳ ಕಾಲ ಎದುರು ತಂಡದ ಐವರು ಮಾಡುವ ಕೆಲಸವೇ ರಕ್ಷಣೆ.

ಈ ರಕ್ಷಣೆಯಲ್ಲಿ ಎರಡು ಬಗೆಗಳುಂಟು. ಒಂದು, ಬಳೆಯ ಬುಡದಲ್ಲಿ ನಿಂತು ಕಾಯುವುದು. ಇನ್ನೊಂದು, ಬಳೆಯಿಂದ ದೂರದ ಬಯಲಿನಲ್ಲಿ ಎದುರಾಳಿಯ ಬೆನ್ನು ಬಿಡದೆ ಕಾಯುವುದು. ಮೊದಲನೆಯದು ಬಾಗಿಲ ಕಾವಲು. ಎರಡನೆಯದು ಬಯಲ ಕಾವಲು.

ಬಾಗಿಲ ಕಾವಲು ಸಾಮಾನ್ಯವಾಗಿ ಸೆಂಟರ್ ಎನಿಸಿಕೊಳ್ಳುವ ದೀರ್ಘಕಾಯನ ಪಾಲಿಗೆ ಬರುತ್ತದೆ. ಅವನ ಕೆಲಸ ಸುಲಭವೆಂದು ಯಾರೂ ಭಾವಿಸಬಾರದು. ಎದುರಾಳಿಯು ಎಸೆದ ಚೆಂಡು ಮೇಲೇರುತ್ತಿರುವಾಗಲೇ ಅದನ್ನು ತಡೆಯಬೇಕು. ಬಳೆಯತ್ತ ಇಳಿಯತೊಡಗಿದ ಚೆಂಡನ್ನು ಮುಟ್ಟಿದರೆ ಅಂಕವು ಎದುರಾಳಿಗೇ ಸಲ್ಲುತ್ತದೆ. ಯಾರನ್ನೂ ಕಾಯದೆ ಬಳೆಯ ಮುಂದಿನ ಪಟ್ಟಿಯಲ್ಲಿ ಮೂರು ಸೆಕೆಂಡಿಗಿಂತ ಹೆಚ್ಚು ಕಾಲ ನಿಲ್ಲುವಂತಿಲ್ಲವೆಂಬ ನಿಯಮವೂ 2001-02ರಿಂದ ಜಾರಿಯಲ್ಲಿದೆ. ಇಷ್ಟು ಕಟ್ಟುಗಳ ನಡುವೆ ಅವನು ತನ್ನ ಎದುರಾಳಿಯನ್ನಷ್ಟೇ ಅಲ್ಲದೆ, ಸಂಗಾತಿಗಳ ಕೈತಪ್ಪಿ ನುಗ್ಗಿ ಬಂದವರನ್ನೂ ತಡೆಯಬೇಕು. ಯೂಟಾ ತಂಡದ ಮಾರ್ಕ್ ಈಟನ್ ಅವರು 7 ಅಡಿ 4 ಅಂಗುಲ ಎತ್ತರದವರು. 1984-85ರ ಋತುವಿನಲ್ಲಿ ಅವರು 456 ಎಸೆತಗಳನ್ನು ಅಡ್ಡಗಟ್ಟಿ ಕೆಡವಿದರು. ಅವರಿಗೆ 1985ರ ಪ್ರಶಸ್ತಿಯು ಸಂದುದು ನ್ಯಾಯವೇ ಆಗಿದೆ.

ಬಯಲ ಕಾವಲಿನ ರೀತಿಯೇ ಬೇರೆ. ಇದು ಹೆಚ್ಚಾಗಿ ಗಾರ್ಡ್ ಎನಿಸಿಕೊಳ್ಳುವ, ಎತ್ತರದಲ್ಲಿ ಕಡಿಮೆಯಾದ ಆಟಗಾರರ ಹಾಗೂ ಅಂಗಳದ ಅಂಚಿನಲ್ಲಿ ಆಡುವ ಫಾರ್ವರ್ಡ್‌ಗಳ ಹೊಣೆ. ಚೆಂಡನ್ನು ಪುಟಿಸುತ್ತ ಮಿಂಚಿನಂತೆ ನುಗ್ಗುವವನ ಮುಂದೆ ಇವರು ಹಿಮ್ಮುಖವಾಗಿ, ಅಡ್ಡವಾಗಿ ಓಡಬೇಕು. ಎದುರು ತಂಡದ ದೈತ್ಯನೊಬ್ಬನು ದಾರಿಗೆ ಕಂಬದಂತೆ ಅಡ್ಡ ನಿಲ್ಲುವನು. ಅವನನ್ನು ಬಳಸಿಕೊಂಡು ಕಣ್ಣೆವೆ ಇಕ್ಕುವುದರೊಳಗೆ ತನ್ನವನನ್ನು ಮತ್ತೆ ಹಿಡಿಯಬೇಕು. 1979-80ರಲ್ಲಿ ಮೂರು ಅಂಕಗಳ ಗೆರೆ ಬಂದ ಮೇಲಂತೂ ಕಾಯಬೇಕಾದ ಬಯಲು ವಿಸ್ತಾರವಾಯಿತು. ಬಳೆಯ ಎದುರಿನಲ್ಲಿ 23 ಅಡಿ 9 ಅಂಗುಲ ದೂರದಲ್ಲಿರುವ ಆ ಗೆರೆಯಾಚೆ ಒಂದು ಹೆಜ್ಜೆ ಸಡಿಲಬಿಟ್ಟರೆ ಮೂರು ಅಂಕ ನಷ್ಟ. ಒಂದು ಹೆಜ್ಜೆ ಹೆಚ್ಚು ಮುನ್ನುಗ್ಗಿದರೆ ಎದುರಾಳಿಯು ಪಕ್ಕದಿಂದ ನುಸುಳಿ ಹೋಗುವನು. 1985-86ರ ಋತುವಿನಲ್ಲಿ ಸ್ಯಾನ್ ಆಂಟೋನಿಯೊ ತಂಡದ ಗಾರ್ಡ್ ಆಲ್ವಿನ್ ರಾಬರ್ಟ್‌ಸನ್ ಅವರು ಎದುರಾಳಿಗಳಿಂದ 301 ಬಾರಿ ಚೆಂಡನ್ನು ಕಸಿದರು. 1986ರ ಪ್ರಶಸ್ತಿಯು ಅವರದಾಯಿತು.

ಈಟನ್ ಮತ್ತು ರಾಬರ್ಟ್‌ಸನ್ ಇವರಿಬ್ಬರಲ್ಲಿ ಯಾರು ಹೆಚ್ಚು? ನೇಗಿಲು ಹೆಚ್ಚೋ ಕುಡುಗೋಲು ಹೆಚ್ಚೋ ಎಂದು ಕೇಳಿದಂತೆಯೇ ಇದೂ ಉತ್ತರವಿಲ್ಲದ ಪ್ರಶ್ನೆ. ಒಂದೇ ಪ್ರಶಸ್ತಿಯಿರುವಾಗ ತೀರ್ಪುಗಾರರು ಪ್ರತಿ ವರ್ಷವೂ ಈ ಪ್ರಶ್ನೆಗೆ ಉತ್ತರ ಕೊಡಲೇಬೇಕಾಗುತ್ತದೆ. ಅವರು ಕೊಟ್ಟ ಉತ್ತರಗಳನ್ನು ಒಟ್ಟಿಗೆ ಇಟ್ಟು ನೋಡಿದರೆ ತಕ್ಕಡಿಯು ಯಾವ ಕಡೆಗೆ ವಾಲಿದೆಯೆಂಬುದು ಸ್ಪಷ್ಟವಾಗುತ್ತದೆ.

ಮೊದಲ ಆರು ವರ್ಷಗಳಲ್ಲಿ ಐದು ಬಾರಿ ಬಯಲಿನ ಕಾವಲುಗಾರರೇ ಗೆದ್ದರು. 1983 ಮತ್ತು 1984ರಲ್ಲಿ ಸಿಡ್ನಿ ಮಾಂಕ್ರೀಫ್, 1986ರಲ್ಲಿ ರಾಬರ್ಟ್‌ಸನ್, 1987ರಲ್ಲಿ ಮೈಕೆಲ್ ಕೂಪರ್, 1988ರಲ್ಲಿ ಮೈಕೆಲ್ ಜೋರ್ಡನ್. ಬಳಿಕ ಗಾಳಿ ತಿರುಗಿತು. 1989ರಿಂದ 2025ರ ವರೆಗಿನ 37 ಪ್ರಶಸ್ತಿಗಳಲ್ಲಿ ಗಾರ್ಡ್‌ಗಳಿಗೆ ದೊರೆತವು ಎರಡೇ ಎರಡು: 1996ರಲ್ಲಿ ಗ್ಯಾರಿ ಪೇಟನ್ ಅವರಿಗೆ, 2022ರಲ್ಲಿ ಮಾರ್ಕಸ್ ಸ್ಮಾರ್ಟ್ ಅವರಿಗೆ. ಇವೆರಡರ ನಡುವೆ 26 ವರ್ಷಗಳ ಅಂತರ. ಅಂಚಿನಲ್ಲಿ ಆಡುವ ಫಾರ್ವರ್ಡ್‌ಗಳಾದ ರಾನ್ ಆರ್ಟೆಸ್ಟ್ ಅವರು 2004ರಲ್ಲಿ, ಕವಾಯ್ ಲೆನಾರ್ಡ್ ಅವರು 2015 ಮತ್ತು 2016ರಲ್ಲಿ ಗಳಿಸಿದವನ್ನು ಕೂಡಿಸಿದರೂ ಮೊತ್ತವು ಐದನ್ನು ಮೀರುವುದಿಲ್ಲ. ಇದೇ ಅವಧಿಯಲ್ಲಿ ಡಿಕೆಂಬೆ ಮುಟೊಂಬೊ, ಬೆನ್ ವ್ಯಾಲೇಸ್, ರೂಡಿ ಗೊಬೇರ್ ಈ ಮೂವರು ತಲಾ ನಾಲ್ಕು ಬಾರಿ ಗೆದ್ದಿದ್ದಾರೆ. ಮೂವರೂ ಸೆಂಟರ್‌ಗಳೇ.

ಇದಕ್ಕೆ ಕಾರಣವೇನು? ತೀರ್ಪು ನೀಡುವ ಪತ್ರಕರ್ತರೂ ಪ್ರಸಾರಕರೂ ಪಕ್ಷಪಾತಿಗಳೆಂದು ದೂಷಿಸುವುದು ತರವಲ್ಲ. ಬಾಗಿಲ ಕಾವಲಿನ ಫಲವು ಕಣ್ಣಿಗೆ ಕಾಣುತ್ತದೆ, ಲೆಕ್ಕಕ್ಕೂ ಸಿಗುತ್ತದೆ. ಅಡ್ಡಗಟ್ಟಿದ ಎಸೆತಗಳನ್ನೂ ಕಸಿದ ಚೆಂಡುಗಳನ್ನೂ ಎನ್.ಬಿ.ಎ. 1973-74ರಿಂದ ದಾಖಲಿಸುತ್ತ ಬಂದಿದೆ. ಆದರೆ ಬಯಲ ಕಾವಲುಗಾರನ ಶ್ರೇಷ್ಠವಾದ ಕೆಲಸವು ಚೆಂಡನ್ನು ಕಸಿಯುವುದೊಂದೇ ಅಲ್ಲ. ತಾನು ಕಾಯುವವನಿಗೆ ಚೆಂಡೇ ಸಿಗದಂತೆ ನೋಡಿಕೊಳ್ಳುವುದು. ನಡೆಯದೆ ಹೋದ ಘಟನೆಗೆ ಲೆಕ್ಕದ ಪುಸ್ತಕದಲ್ಲಿ ಅಂಕಣವಿಲ್ಲ. ಎದುರಾಳಿಯ ಚೆಂಡಿಗೆ ಕೈ ತಾಗಿಸಿ ದಿಕ್ಕು ತಪ್ಪಿಸಿದ ಸಂದರ್ಭಗಳನ್ನು ಲೀಗು ಪ್ರಕಟಿಸತೊಡಗಿದ್ದು 2016ರಷ್ಟು ಈಚೆಗೆ. ಲೆಕ್ಕ ಸಿಕ್ಕಿದಾಗಲೂ ಫಲ ಒದಗುವುದೆಂಬ ಭರವಸೆಯಿಲ್ಲ. 2024-25ರಲ್ಲಿ ಅಟ್ಲಾಂಟ ತಂಡದ ಗಾರ್ಡ್ ಡೈಸನ್ ಡೇನಿಯಲ್ಸ್ ಅವರು 229 ಬಾರಿ ಚೆಂಡನ್ನು ಕಸಿದರು. ಪೇಟನ್ ಅವರ 1995-96ರ ಸಾಧನೆಯ ಅನಂತರ ಒಂದೇ ಋತುವಿನಲ್ಲಿ ಅಷ್ಟು ಬಾರಿ ಕಸಿದವರಿರಲಿಲ್ಲ. ಆದರೂ ಅವರಿಗೆ ದೊರೆತುದು ಎರಡನೆಯ ಸ್ಥಾನ. ಪ್ರಶಸ್ತಿಯು ಕ್ಲೀವ್‌ಲ್ಯಾಂಡ್ ತಂಡದ ದೀರ್ಘಕಾಯ ಇವಾನ್ ಮೋಬ್ಲಿ ಅವರ ಪಾಲಾಯಿತು. ಮೋಬ್ಲಿ ಅನರ್ಹರಾಗಿರಲಿಲ್ಲ. ಇಬ್ಬರೂ ಅರ್ಹರಾಗಿದ್ದರು, ಪ್ರಶಸ್ತಿ ಮಾತ್ರ ಒಂದೇ ಇತ್ತು.

ಪ್ರಶಸ್ತಿಯನ್ನು ಎರಡು ಮಾಡಬಾರದೆನ್ನುವವರ ವಾದಗಳನ್ನೂ ಆಲಿಸಬೇಕು. ಅವುಗಳಲ್ಲಿ ಮೂರು ಮುಖ್ಯವಾದುವು. ಬಳೆಯ ಬುಡದಲ್ಲಿ ನಿಂತವನು ಇಡೀ ತಂಡದ ತಪ್ಪುಗಳನ್ನು ತಿದ್ದುತ್ತಾನಾದುದರಿಂದ ಅವನ ಉಪಯುಕ್ತತೆಯೇ ಹೆಚ್ಚು, ಹೆಚ್ಚು ಉಪಯುಕ್ತನಿಗೆ ಹೆಚ್ಚು ಗೌರವವೆಂಬುದು ಮೊದಲನೆಯದು. ಪ್ರಶಸ್ತಿಗಳು ಹೆಚ್ಚಿದಷ್ಟೂ ಅವುಗಳ ಬೆಲೆ ಇಳಿಯುವುದೆಂಬುದು ಎರಡನೆಯದು. ಎರಡೂ ಬಗೆಯ ಕಾವಲನ್ನು ಬಲ್ಲ ಡೆನಿಸ್ ರಾಡ್‌ಮನ್, ಡ್ರೇಮಂಡ್ ಗ್ರೀನ್ ಅವರಂತಹವರನ್ನು ಯಾವ ಸಾಲಿನಲ್ಲಿ ಕೂರಿಸಬೇಕೆಂಬುದು ಮೂರನೆಯದು.

ಮೊದಲನೆಯ ವಾದದಲ್ಲಿ ಸತ್ಯಾಂಶವಿದೆ. ಆದರೆ ನಿಂತ ಸ್ಥಳದಿಂದ ಬರುವ ಉಪಯುಕ್ತತೆ ಬೇರೆ, ಮಾಡುವ ಕೆಲಸದಲ್ಲಿನ ಪರಿಣತಿ ಬೇರೆ. ದೇಗುಲಕ್ಕೆ ಅಡಿಪಾಯ ಹಾಕಿದವನು ಮುಖ್ಯನೆಂದು ಕಂಬ ಕೆತ್ತಿದ ಶಿಲ್ಪಿಯ ಹೆಸರನ್ನು ಅಳಿಸಲಾಗದು. ಅದೂ ಅಲ್ಲದೆ, ಬಯಲಿನಲ್ಲಿಯೇ ಎದುರಾಳಿಯನ್ನು ತಡೆದು ನಿಲ್ಲಿಸಿದರೆ ಬಾಗಿಲಲ್ಲಿ ತಿದ್ದಬೇಕಾದ ತಪ್ಪೇ ಉಳಿಯುವುದಿಲ್ಲ. ಕಳ್ಳನು ಊರ ಹೊರಗೇ ಸಿಕ್ಕಿಬಿದ್ದರೆ ಮನೆಯ ಅಗುಳಿಗೆ ಕೀರ್ತಿ ಬಾರದು. ಮನೆಯೊಳಗಿನ ಒಡವೆಯಂತೂ ಉಳಿದಿರುತ್ತದೆ.

ಎರಡನೆಯ ವಾದಕ್ಕೆ ನೆರೆಯ ಆಟಗಳೇ ಉತ್ತರವಾಗಿವೆ. ಉತ್ತರ ಅಮೆರಿಕದ ಐಸ್ ಹಾಕಿ ಲೀಗಿನಲ್ಲಿ ಗೋಲು ಕಾಯುವವನಿಗೆ ವೆಜಿನಾ ಟ್ರೋಫಿ, ಹಿಂಬದಿಯ ಆಟಗಾರನಿಗೆ ನಾರಿಸ್ ಟ್ರೋಫಿ, ಮುಂಚೂಣಿಯಲ್ಲಿದ್ದೂ ರಕ್ಷಣೆಯಲ್ಲಿ ಮೇಲೆನಿಸಿದವನಿಗೆ ಸೆಲ್ಕಿ ಟ್ರೋಫಿ ಎಂದು ಮೂರು ಬಗೆಯ ಗೌರವಗಳುಂಟು. ಬೇಸ್‌ಬಾಲ್ ಆಟದಲ್ಲಿ 1957ರಿಂದಲೂ ಕ್ಷೇತ್ರರಕ್ಷಣೆಯ ಸ್ಥಾನಗಳಿಗೆ ಅನುಗುಣವಾಗಿ ಚಿನ್ನದ ಕೈಗವಸಿನ ಪ್ರಶಸ್ತಿಗಳನ್ನು ನೀಡುತ್ತಿದ್ದಾರೆ. ಇವುಗಳಿಂದ ಆ ಆಟಗಳ ಘನತೆಯು ಕುಗ್ಗಿಲ್ಲ. ಪ್ರಶಸ್ತಿ ಪಡೆದವರ ಹೆಮ್ಮೆಯೂ ತಗ್ಗಿಲ್ಲ.

ಮೂರನೆಯದು ತೊಡಕೇ ಹೌದು, ಆದರೆ ಬಿಡಿಸಲಾಗದ ಗಂಟಲ್ಲ. 1968-69ರಿಂದ ಎನ್.ಬಿ.ಎ. ವರ್ಷದ ರಕ್ಷಣಾ ತಂಡಗಳನ್ನೂ ಹೆಸರಿಸುತ್ತ ಬಂದಿದೆ. ಇಬ್ಬರು ಗಾರ್ಡ್‌ಗಳು, ಇಬ್ಬರು ಫಾರ್ವರ್ಡ್‌ಗಳು, ಒಬ್ಬ ಸೆಂಟರ್ ಎಂಬ ಕ್ರಮದಲ್ಲಿ ಅರ್ಧ ಶತಮಾನಕ್ಕೂ ಹೆಚ್ಚು ಕಾಲ ಆಯ್ಕೆ ನಡೆಯಿತು. ಇಬ್ಬಗೆಯ ಆಟಗಾರರು ಆಗಲೂ ಇದ್ದರು; ಅವರಿಗೂ ಸ್ಥಾನ ದೊರಕಿತು. ಆ ವರ್ಷ ಆಟಗಾರನು ಹೆಚ್ಚಾಗಿ ಯಾವ ಕಾವಲನ್ನು ನಡೆಸಿದನೋ ಆ ಸಾಲಿಗೆ ಅವನನ್ನು ಸೇರಿಸಿದರೆ ಸಾಕು. ದೇಹದ ಎತ್ತರವನ್ನು ಅಳೆಯಬೇಕಾಗಿಲ್ಲ. ಮಾಡಿದ ಕೆಲಸವನ್ನು ಅಳೆದರಾಯಿತು.

ಪ್ರಸ್ತುತ ಕಾಲದಲ್ಲಿ ಈ ಸುಧಾರಣೆಯ ಅಗತ್ಯವು ಇನ್ನೂ ಹೆಚ್ಚಿದೆ. 2023-24ರಿಂದ ರಕ್ಷಣಾ ತಂಡಗಳ ಆಯ್ಕೆಯಲ್ಲಿ ಸ್ಥಾನಗಳ ಕಟ್ಟುಪಾಡನ್ನು ಕೈಬಿಡಲಾಯಿತು. ಗಾರ್ಡ್‌ಗಳಿಗೆ ಮೀಸಲಾಗಿದ್ದ ನಾಲ್ಕು ಸ್ಥಾನಗಳೂ ಇದರಿಂದ ಹೋದುವು. ಇನ್ನು ಪ್ರಶಸ್ತಿಯ ಪ್ರಶ್ನೆಯು ಕೇವಲ ಮಾನಸನ್ಮಾನದ್ದಲ್ಲ. ಅದು ಹೊಟ್ಟೆಪಾಡಿಗೂ ಸಂಬಂಧಿಸಿದುದು. ಲೀಗಿನ ಒಪ್ಪಂದದ ಪ್ರಕಾರ ನಿಗದಿತ ವರ್ಷಗಳ ಸೇವೆ ಸಲ್ಲಿಸಿದ ಆಟಗಾರನಿಗೆ ಅತ್ಯಧಿಕ ಸಂಬಳದ ಕರಾರಿಗೆ ಅರ್ಹತೆಯನ್ನು ತಂದುಕೊಡುವ ಗೌರವಗಳಲ್ಲಿ ಈ ಪ್ರಶಸ್ತಿಯೂ ಒಂದು. ಒಂದೇ ಬಾಗಿಲಿನ ಮುಂದೆ ಎರಡು ಸಾಲು ನಿಲ್ಲಿಸಿ ಒಂದು ಸಾಲಿನವರನ್ನೇ ಮತ್ತೆ ಮತ್ತೆ ಒಳಗೆ ಬಿಡುವುದು ನ್ಯಾಯವೆನಿಸದು.

2022-23ರ ಋತುವಿನಿಂದ ಈ ಪ್ರಶಸ್ತಿಯ ಟ್ರೋಫಿಗೆ ಹಕೀಮ್ ಒಲಾಜುವನ್ ಅವರ ಹೆಸರನ್ನಿಡಲಾಗಿದೆ. 3,830 ಎಸೆತಗಳನ್ನು ಅಡ್ಡಗಟ್ಟಿದ ಆ ಮಹಾನ್ ಸೆಂಟರ್‌ಗೆ ಈ ಗೌರವವು ಸಲ್ಲತಕ್ಕದ್ದೇ. ಅದು ಬಾಗಿಲ ಕಾವಲಿನ ಪ್ರಶಸ್ತಿಯಾಗಿ ಹಾಗೆಯೇ ಮುಂದುವರಿಯಲಿ. ಅದರ ಪಕ್ಕದಲ್ಲಿ ಬಯಲ ಕಾವಲಿಗೆಂದು ಇನ್ನೊಂದು ಟ್ರೋಫಿಯಿರಲಿ. ಮೊದಲ ಬಾರಿಗೆ ರಕ್ಷಣೆಯ ಪ್ರಶಸ್ತಿ ಪಡೆದ ಗಾರ್ಡ್ ಮಾಂಕ್ರೀಫ್ ಅವರ ಹೆಸರು ಅದಕ್ಕೆ ಒಪ್ಪುವಂತಹುದು.

ಒಂದು ಸಮಾಜವು ಯಾವ ಕೆಲಸವನ್ನು ಗೌರವಿಸುವುದೋ ಅದರ ಮಕ್ಕಳು ಆ ಕೆಲಸವನ್ನು ಕಲಿಯಲು ಹಾತೊರೆಯುತ್ತಾರೆ. ಎತ್ತರವು ಹುಟ್ಟಿನಿಂದ ಬರುವುದು. ಅದನ್ನು ಬಯಸಿ ಪಡೆಯಲಾಗದು. ಕಾಲಿನ ಚುರುಕು, ಕಣ್ಣಿನ ಎಚ್ಚರ, ಸೋಲೊಪ್ಪದ ಛಲ ಇವು ಅಭ್ಯಾಸದಿಂದ ಬರುವಂತಹವು. ಸಾಧಾರಣ ಎತ್ತರದ ಬಾಲಕನೊಬ್ಬನು ಅಂಗಳಕ್ಕಿಳಿದಾಗ, ಅಂಕ ಗಳಿಸುವುದರಿಂದ ಮಾತ್ರವೇ ಅಲ್ಲದೆ ಅಂಕವನ್ನು ತಡೆಯುವುದರಿಂದಲೂ ತಾನು ಹಿರಿಮೆಗೆ ಏರಬಲ್ಲೆನೆಂಬ ನಂಬಿಕೆಯು ಅವನಲ್ಲಿ ಮೂಡಬೇಕು. ಬಾಗಿಲನ್ನು ಕಾಯ್ದವನಿಗೂ ಬಯಲನ್ನು ಕಾಯ್ದವನಿಗೂ ಅವರವರ ದುಡಿಮೆಗೆ ತಕ್ಕ ಮನ್ನಣೆ ದೊರೆತಾಗ ಮಾತ್ರ ರಕ್ಷಣೆಯ ಹೆಸರಿನಲ್ಲಿ ನೀಡುವ ಪ್ರಶಸ್ತಿಯು ಆ ಹೆಸರಿಗೆ ಅನ್ವರ್ಥಕವಾಗುತ್ತದೆ.