ರೋಮ್ ಬಿಟ್ಟರು, ಬಾಸೆಲ್‌ಗೆ ಹೋಗಲಿಲ್ಲ

ಬೆಂಗಳೂರಿನ ವೈಟ್‌ಫೀಲ್ಡ್, ಪೀಣ್ಯದ ಕಡೆ ಇವತ್ತು ಒಂದು ಕ್ರೈಸ್ತ ಸಭೆ ಬಿಟ್ಟು ಇನ್ನೊಂದಕ್ಕೆ ಸೇರುವುದು ಎಷ್ಟೋ ಜನರಿಗೆ ಬಾಡಿಗೆ ಮನೆ ಬದಲಿಸಿದಷ್ಟೇ ಸಲೀಸು. ಪಾದ್ರಿಯೇ ಬಿಟ್ಟು ಹೊರಟರೆ ಮಾತು ಬೇರೆ. ಸನ್ಯಾಸಿಯಾಗಿದ್ದ ಮಾರ್ಟಿನ್ ಲೂಥರ್ 1521ರಲ್ಲಿ ಬಹಿಷ್ಕಾರಕ್ಕೆ ಒಳಗಾದದ್ದು ಎಲ್ಲರೂ ಬಲ್ಲ ಕಥೆ. ನಮ್ಮ ಕರಾವಳಿಯ ಕಥೆ ಅಷ್ಟು ಪ್ರಸಿದ್ಧವಲ್ಲ.

1836ರಲ್ಲಿ ಗೋವಾದ ವೆರ್ಣಾದಲ್ಲಿ ಹುಟ್ಟಿದ ಅಂತೋನಿಯೊ ಫ್ರಾನ್ಸಿಸ್ಕೊ ಷಾವಿಯೆರ್ ಆಲ್ವಾರಿಸ್ ಕ್ಯಾಥೊಲಿಕ್ ಪಾದ್ರಿ. ಪತ್ರಿಕೆಯ ಸಂಪಾದಕರೂ ಹೌದು. ಅವರ ಲೇಖನಿ ಪೋರ್ಚುಗೀಸ್ ಸರಕಾರವನ್ನೂ ಬಿಡಲಿಲ್ಲ, ಇಗರ್ಜಿಯ ಹಿರಿಯರನ್ನೂ ಬಿಡಲಿಲ್ಲ. 1886ರಲ್ಲಿ ಪೋಪ್ ಹದಿಮೂರನೆಯ ಲಿಯೊ ಮತ್ತು ಪೋರ್ಚುಗಲ್ ನಡುವೆ ಒಪ್ಪಂದವಾಗಿ, ಗೋವಾ ಆರ್ಚ್‌ಬಿಷಪ್ಪರ ಕೈಕೆಳಗಿದ್ದ ಹಲವು ಇಗರ್ಜಿಗಳು ರೋಮ್ ನೇರವಾಗಿ ನೇಮಿಸುವ ಬಿಷಪ್ಪರ ಪಾಲಾದವು. ಉಡುಪಿ ಸೀಮೆಯ ಒಂದಷ್ಟು ಕೊಂಕಣಿ ಕುಟುಂಬಗಳಿಗೆ ಇದು ಒಗ್ಗಲಿಲ್ಲ. ಬ್ರಹ್ಮಾವರದಲ್ಲಿ ಅವರು ಪಾದ್ರಿ ರೋಕ್ ಜೆಫ್ರಿನ್ ನೊರೊನ್ಹಾರ ಹಿಂದೆ ನಿಂತರು. ಎಲ್ಲರ ಮುಂದಾಳು ಆಲ್ವಾರಿಸ್.

ಹೋಗಲು ಹತ್ತಿರದ ಬಾಗಿಲೇ ಇತ್ತಲ್ಲ! 1834ರಿಂದ ಮಂಗಳೂರಿನಲ್ಲಿದ್ದ ಪ್ರೊಟೆಸ್ಟೆಂಟ್ ಬಾಸೆಲ್ ಮಿಶನ್‌ಗೆ ಶಾಲೆ, ಮುದ್ರಣಾಲಯ, ಹಂಚಿನ ಕಾರ್ಖಾನೆ ಎಲ್ಲವೂ ಇದ್ದವು. ಆದರೂ ಇವರು ಆ ಕಡೆ ತಿರುಗಲಿಲ್ಲ. ಪೂಜೆಯ ಬಗ್ಗೆಯಾಗಲಿ ಮರಿಯಮ್ಮನ ಬಗ್ಗೆಯಾಗಲಿ ಅವರಿಗೆ ತಕರಾರಿರಲಿಲ್ಲ. ಆಳುವವರು ಯಾರು ಎಂಬುದಷ್ಟೇ ಜಗಳ. ಹೀಗಾಗಿ 1889ರಲ್ಲಿ ಆಲ್ವಾರಿಸ್ ಕೊಟ್ಟಾಯಂನಲ್ಲಿ ರೋಮ್‌ಗೆ ಒಳಪಡದ ಸಿರಿಯನ್ ಪರಂಪರೆಯ ಬಿಷಪ್ಪರಿಂದ ಅಭಿಷೇಕ ಪಡೆದು ಮಾರ್ ಜೂಲಿಯಸ್ ಆದರು. ಬ್ರಹ್ಮಾವರದ ಜನ ಮಾತ್ರ ತಮ್ಮ ಹಳೆಯ ಲ್ಯಾಟಿನ್ ಪೂಜಾಕ್ರಮವನ್ನೇ ಉಳಿಸಿಕೊಂಡರು. ಹಟ ಎನ್ನಿ, ನಿಷ್ಠೆ ಎನ್ನಿ.

1892ರಲ್ಲಿ ಕೊಲಂಬೊಗೆ ಬಂದು ಇದೇ ಆಲ್ವಾರಿಸರಿಂದ ಬಿಷಪ್ ಪಟ್ಟ ಪಡೆದ ಜೋಸೆಫ್ ರೆನೆ ವಿಲಾತ್‌ನ ಅಲೆದಾಟ ಇನ್ನೂ ವಿಚಿತ್ರ. ಪ್ಯಾರಿಸ್‌ನಲ್ಲಿ ಹುಟ್ಟಿದ ಈತ ಕೆನಡಾದಲ್ಲಿ ಕ್ಯಾಥೊಲಿಕ್ ಪಾದ್ರಿಯಾಗಲು ಓದುತ್ತಿದ್ದಾಗ, ರೋಮ್ ಬಿಟ್ಟು ಪ್ರೆಸ್ಬಿಟೇರಿಯನ್ ಬೋಧಕನಾಗಿದ್ದ ಚಾರ್ಲ್ಸ್ ಶಿನಿಕ್ವಿಯ ಪ್ರಭಾವಕ್ಕೆ ಸಿಕ್ಕ. ಆಮೇಲೆ ತಾನೂ ಅಮೆರಿಕದ ವಿಸ್ಕಾನ್ಸಿನ್‌ನಲ್ಲಿ ಪ್ರೊಟೆಸ್ಟೆಂಟ್ ಬೋಧಕನಾದ. ಕೊನೆಗೆ ರೋಮ್‌ಗೇ ಮರಳಿ, 1929ರಲ್ಲಿ ಫ್ರಾನ್ಸಿನ ಕ್ಯಾಥೊಲಿಕ್ ಮಠವೊಂದರ ಆಶ್ರಯದಲ್ಲಿ ತೀರಿಕೊಂಡ.

ಆಲ್ವಾರಿಸ್ ಮರಳಲಿಲ್ಲ. ಪೋರ್ಚುಗೀಸರು ಬಂಧಿಸಿ ಬಿಷಪ್ಪರ ಉಡುಪು ಕಳಚಿಸಿದ ಮೇಲೂ ಪಣಜಿಯಲ್ಲಿ ಬಡವರಿಗಾಗಿ ಭಿಕ್ಷೆ ಎತ್ತುತ್ತಿದ್ದರು. 1923ರ ಸೆಪ್ಟೆಂಬರಿನಲ್ಲಿ ರಿಬಂದರ್ ಆಸ್ಪತ್ರೆಯಲ್ಲಿ ತೀರಿಕೊಂಡಾಗ ಅಂತಿಮಯಾತ್ರೆಗೆ ಕ್ಯಾಥೊಲಿಕರೂ ಬಂದರು. ನೊರೊನ್ಹಾ 1936ರಲ್ಲಿ ಸಾಯುವ ತನಕ ಬ್ರಹ್ಮಾವರದ ಸಭೆಯನ್ನು ನಡೆಸಿದರು.