ಮುಗಿಯಬಲ್ಲ ಕಥೆಯೇ ಮರಳಿ ಬರಬಲ್ಲದು

ಟಿ.ವಿ. ಧಾರಾವಾಹಿ ಎಂದೊಡನೆ ಮೂಗು ಮುರಿಯುವುದು ವಿದ್ಯಾವಂತರಲ್ಲಿ ಒಂದು ವಾಡಿಕೆಯೇ ಆಗಿಬಿಟ್ಟಿದೆ. ಅತ್ತೆ ಸೊಸೆಯರ ವೈಮನಸ್ಸು, ವಿಷ ಬೆರೆಸಿದ ಹಾಲಿನ ಲೋಟ, ಮೂರು ದಿಕ್ಕಿನಿಂದ ಮೂರು ಸಲ ತೋರಿಸುವ ಕಪಾಳಮೋಕ್ಷ ಇವೆಲ್ಲ ಪರಿಹಾಸ್ಯದ ವಸ್ತುಗಳಾಗಿವೆ. ಈ ಸಾಲುಗಳನ್ನು ಬರೆಯುತ್ತಿರುವವನು ಆ ಗುಂಪಿಗೆ ಸೇರಿದವನಲ್ಲ. ಸಂಜೆಯ ಕರ್ತವ್ಯಗಳು ಮುಗಿದ ಬಳಿಕ ಒಂದೋ ಎರಡೋ ಧಾರಾವಾಹಿಗಳನ್ನು ಆಸಕ್ತಿಯಿಂದ ನೋಡುವ ಅಭ್ಯಾಸ ನನಗಿದೆ. ಹೊಸದೊಂದು ಆರಂಭವಾಗುತ್ತದೆ ಎಂದಾಗ ಕುತೂಹಲವೂ, ಹಳೆಯದೊಂದು ಮರಳಿ ಬರುತ್ತದೆ ಎಂದಾಗ ಸಂತೋಷವೂ ಆಗುತ್ತದೆ. ಪ್ರೀತಿಯುಳ್ಳವನಿಗೆ ಆಕ್ಷೇಪಿಸುವ ಅಧಿಕಾರವೂ ಇರುತ್ತದೆ ಎಂಬ ಧೈರ್ಯದಿಂದ ಕೆಲವು ವಿಚಾರಗಳನ್ನು ಓದುಗ ಬಂಧುಗಳ ಮುಂದಿಡುತ್ತಿದ್ದೇನೆ.

ದಿನಕ್ಕೊಂದು ಕಂತಿನಂತೆ ಕಥೆ ಕೇಳುವುದು ನಮ್ಮ ಸೀಮೆಗೆ ಟಿ.ವಿ.ಯಿಂದ ಬಂದ ಚಟವೇನಲ್ಲ. 'ಜೈಮಿನಿ ಭಾರತ'ವನ್ನು ಬರೆದ ಲಕ್ಷ್ಮೀಶ ಕವಿ ನಮ್ಮ ಕಡೂರು ತಾಲ್ಲೂಕಿನ ದೇವನೂರಿನವನು. ಧರ್ಮರಾಯನ ಅಶ್ವಮೇಧದ ಕುದುರೆ ದೇಶದಿಂದ ದೇಶಕ್ಕೆ ಹೋಗುತ್ತದೆ. ಅದು ಕಾಲಿಟ್ಟಲ್ಲೆಲ್ಲ ಒಂದೊಂದು ಹೊಸ ಕಥೆ ಹುಟ್ಟುತ್ತದೆ. ಸುಧನ್ವ, ಬಭ್ರುವಾಹನ, ಚಂದ್ರಹಾಸ ಇವರೆಲ್ಲ ಹಾಗೆ ಬಂದವರೇ. ಮೂವತ್ತನಾಲ್ಕು ಸಂಧಿಗಳ ಈ ಕಾವ್ಯವನ್ನು ಹಳ್ಳಿಯ ಜಗಲಿಗಳಲ್ಲಿ, ದೇವಸ್ಥಾನದ ಅಂಗಳಗಳಲ್ಲಿ ಗಮಕಿಗಳು ರಾಗವಾಗಿ ಓದಿ ಅರ್ಥ ಹೇಳುತ್ತಿದ್ದರು. ಅಕ್ಷರ ಬಾರದವರೂ ಕುಳಿತು ಕೇಳಿ, ನಾಳೆ ಏನಾಗುವುದೋ ಎಂಬ ಕಾತರವನ್ನು ಹೊತ್ತು ಮನೆಗೆ ಹೋಗಿ, ಮರುಸಂಜೆ ಮತ್ತೆ ಬರುತ್ತಿದ್ದರು. ಆದರೆ ಒಂದು ಮಾತನ್ನು ಗಮನಿಸಬೇಕು. ಎಷ್ಟೇ ದೇಶ ಸುತ್ತಿದರೂ ಆ ಕುದುರೆ ಕೊನೆಗೆ ಹಸ್ತಿನಾಪುರಕ್ಕೆ ಹಿಂದಿರುಗುತ್ತದೆ, ಯಜ್ಞ ಪೂರ್ಣಗೊಳ್ಳುತ್ತದೆ. ಕೇಳಿದವನು ಕಥೆಯನ್ನು ಇಡಿಯಾಗಿ ಮನೆಗೆ ಒಯ್ಯುತ್ತಾನೆ.

ದೂರದರ್ಶನದ ಮೊದಲ ಕಾಲದ ಒಳ್ಳೆಯ ಧಾರಾವಾಹಿಗಳಲ್ಲಿಯೂ ಈ ಗುಣವಿತ್ತು. ಬೀರೂರಿನಿಂದ ಕವಲೊಡೆದು ತರೀಕೆರೆಯನ್ನು ಹಾದು ಶಿವಮೊಗ್ಗಕ್ಕೆ ಹೋಗುವ ನಮ್ಮ ರೈಲುಹಾದಿಯು ಮುಂದೆ ಅರಸಾಳು ಎಂಬ ಪುಟ್ಟ ನಿಲ್ದಾಣವನ್ನು ಮುಟ್ಟಿ ತಾಳಗುಪ್ಪದವರೆಗೆ ಸಾಗುತ್ತದೆ. ಶಂಕರ್ ನಾಗ್ ಅವರು ಆರ್.ಕೆ. ನಾರಾಯಣರ ಕಥೆಗಳನ್ನು 'ಮಾಲ್ಗುಡಿ ಡೇಸ್' ಎಂದು ಚಿತ್ರೀಕರಿಸಿದಾಗ ಆಗುಂಬೆಯು ಮಾಲ್ಗುಡಿ ಊರಾಯಿತು, ಅರಸಾಳು ಅದರ ರೈಲು ನಿಲ್ದಾಣವಾಯಿತು. ಅಂದು ಪ್ರಸಾರವಾದದ್ದು 39 ಕಂತುಗಳು ಮಾತ್ರ. ಶಂಕರ್ ನಾಗ್ 1990ರಲ್ಲಿ ಅಕಾಲದಲ್ಲಿ ನಮ್ಮನ್ನಗಲಿದರು. ಆದರೂ ಮಾಲ್ಗುಡಿ ಉಳಿಯಿತು. 2006ರಲ್ಲಿ ಕವಿತಾ ಲಂಕೇಶ್ ಅವರ ನಿರ್ದೇಶನದಲ್ಲಿ ಇನ್ನೂ 15 ಕಂತುಗಳು ಬಂದವು. 2020ರಲ್ಲಿ ಹಳೆಯ ಕಂತುಗಳೇ ಕನ್ನಡದ ಧ್ವನಿಯೊಡನೆ ಜೀ ಕನ್ನಡ ವಾಹಿನಿಯಲ್ಲಿ ಮರಳಿದವು. ಅದೇ ವರ್ಷ ಅರಸಾಳಿನ ಹಳೆಯ ನಿಲ್ದಾಣದ ಕಟ್ಟಡವು ದುರಸ್ತಿಗೊಂಡು ಮಾಲ್ಗುಡಿ ವಸ್ತುಸಂಗ್ರಹಾಲಯವಾಯಿತು.

ಕನ್ನಡದಲ್ಲಿಯೇ ಹುಟ್ಟಿದ 'ಮಾಯಾಮೃಗ'ದ ಕಥೆಯೂ ಇಂಥದೇ. 1998ರಲ್ಲಿ ಬೆಂಗಳೂರು ದೂರದರ್ಶನದಲ್ಲಿ ಅದು ಬರುತ್ತಿದ್ದಾಗ ಸಂಜೆಯ ಹೊತ್ತು ಎಷ್ಟೋ ಮನೆಗಳಲ್ಲಿ ಕೈಗೆಲಸ ನಿಲ್ಲುತ್ತಿತ್ತು. ಟಿ.ಎನ್. ಸೀತಾರಾಂ, ಪಿ. ಶೇಷಾದ್ರಿ ಮತ್ತು ನಾಗೇಂದ್ರ ಶಾ ಈ ಮೂವರು ಸೇರಿ ಅದನ್ನು ರೂಪಿಸಿದ್ದರು. ಅದು ಮುಗಿದು ಎರಡು ದಶಕಗಳು ಕಳೆದ ಮೇಲೆ, 2022ರಲ್ಲಿ, ಸಿರಿ ಕನ್ನಡ ವಾಹಿನಿಯಲ್ಲಿ 'ಮತ್ತೆ ಮಾಯಾಮೃಗ' ಎಂಬ ಹೆಸರಿನಿಂದ ಅದರ ಮುಂದುವರಿಕೆ ಆರಂಭವಾಯಿತು. ಮೊದಲನೆಯದನ್ನು ತಾಯಿಯ ಮಡಿಲಲ್ಲಿ ಕುಳಿತು ನೋಡಿದವರು ಎರಡನೆಯದನ್ನು ತಮ್ಮ ಮಕ್ಕಳೊಡನೆ ನೋಡುವಂತಾಯಿತು.

ಇವು ಏಕೆ ಮರಳಿ ಬಂದವು? ಜನರಿಗೆ ಹಳೆಯದರ ಮೇಲೆ ವ್ಯಾಮೋಹ ಎಂದು ಸುಲಭವಾಗಿ ಹೇಳಿಬಿಡಬಹುದು. ನನಗೆ ತೋರುವ ಕಾರಣ ಬೇರೆ. ಇವು ಒಮ್ಮೆ ಮುಗಿದಿದ್ದವು. ಮುಗಿದದ್ದಕ್ಕೆ ಒಂದು ಆಕಾರವಿರುತ್ತದೆ. ಆಕಾರವಿದ್ದುದನ್ನು ನೆನಪು ಹಿಡಿದಿಟ್ಟುಕೊಳ್ಳುತ್ತದೆ. ನೆನಪು ಹಿಡಿದಿಟ್ಟುಕೊಂಡದ್ದನ್ನೇ ಮತ್ತೆ ಕರೆಯಲು ಮನಸ್ಸಾಗುತ್ತದೆ. ಹೋಗದೇ ಇದ್ದವನು ಮರಳಿ ಬರುವುದಾದರೂ ಹೇಗೆ?

ಇದಕ್ಕೆ ಪ್ರತಿಯಾಗಿ ನಮ್ಮ ಕಾಲದ ದೀರ್ಘ ಧಾರಾವಾಹಿಗಳನ್ನು ನೋಡೋಣ. 'ಲಕ್ಷ್ಮೀ ಬಾರಮ್ಮ' 2013ರಿಂದ 2020ರವರೆಗೆ ಸುಮಾರು ಏಳು ವರ್ಷ ನಡೆಯಿತು. 'ಅಗ್ನಿಸಾಕ್ಷಿ'ಯೂ ಹೆಚ್ಚುಕಡಿಮೆ ಅಷ್ಟೇ ಕಾಲ ನಡೆಯಿತು. ಇವುಗಳ ಕಲಾವಿದರ ಶ್ರಮವನ್ನು ನಾನು ಲಘುವಾಗಿ ಕಾಣುವವನಲ್ಲ. ನೂರಾರು ಕುಟುಂಬಗಳಿಗೆ ಅನ್ನ ಕೊಟ್ಟ, ಪ್ರತಿ ಸಂಜೆ ಮನೆಮನೆಗೆ ಕನ್ನಡದ ಮಾತನ್ನು ತಲುಪಿಸಿದ ಉದ್ಯಮವದು. ಆದರೂ ಒಬ್ಬ ಅಭಿಮಾನಿಯನ್ನು ನಿಲ್ಲಿಸಿ, 'ಆ ಏಳು ವರ್ಷದ ಕಥೆಯನ್ನು ಹೇಳಿ ನೋಡೋಣ' ಎಂದರೆ ಅವರು ಹೇಳುವುದು ಪಾತ್ರಗಳ ಹೆಸರನ್ನು. ಗೊಂಬೆ ನೆನಪಿದ್ದಾಳೆ, ಸನ್ನಿಧಿ ನೆನಪಿದ್ದಾಳೆ, ಚಂದ್ರಿಕೆಯ ಸಂಚುಗಳು ನೆನಪಿವೆ; ಯಾವುದರಿಂದ ಯಾವುದು ಆಯಿತು ಎಂಬುದು ಮಾತ್ರ ಮರೆತಿದೆ. 2023ರಲ್ಲಿ 'ಲಕ್ಷ್ಮೀ ಬಾರಮ್ಮ' ಎಂಬ ಹೆಸರು ಮತ್ತೆ ಬಂದಿತು. ಹೆಸರು ಮರಳಿತು, ಹಳೆಯ ಕಥೆ ಮರಳಲಿಲ್ಲ. ಮರಳಿ ತರಲು ಅಲ್ಲಿ ಇಡಿಯಾದ ಕಥೆಯೊಂದು ಉಳಿದಿರಲಿಲ್ಲ ಎಂದೇ ನಾನು ತಿಳಿಯುತ್ತೇನೆ.

ಇದಕ್ಕೆ ಬರಹಗಾರರನ್ನು ಮಾತ್ರ ದೂಷಿಸುವುದು ನ್ಯಾಯವಲ್ಲ. ಆಯ್ದ ಕೆಲವು ಮನೆಗಳಲ್ಲಿ ಅಳವಡಿಸಿದ ಮಾಪಕಗಳು ಯಾವ ಹೊತ್ತಿನಲ್ಲಿ ಯಾವ ವಾಹಿನಿ ತೆರೆದಿತ್ತು ಎಂಬುದನ್ನು ಲೆಕ್ಕ ಹಾಕುತ್ತವೆ. ವಾರಕ್ಕೊಮ್ಮೆ ಬರುವ ಆ ಅಂಕಿಯೇ ಟಿ.ಆರ್.ಪಿ.; ಜಾಹೀರಾತಿನ ದರ ಅದರ ಮೇಲೆ ನಿಂತಿದೆ. ಅಂಕಿ ಏರಿದರೆ ಕಥೆಯನ್ನು ಎಳೆಯಬೇಕು, ಇಳಿದರೆ ದಿಕ್ಕು ಬದಲಿಸಬೇಕು. ಟಿ.ವಿ. ತೆರೆದಿತ್ತೇ ಎಂಬುದನ್ನು ಮಾಪಕ ಬಲ್ಲದು. ನೋಡಿದವರ ಮನಸ್ಸು ತುಂಬಿತೇ ಎಂಬುದನ್ನು ಅದು ಅರಿಯದು.

ಸೆಮಿನರಿಯಲ್ಲಿ ತತ್ತ್ವಶಾಸ್ತ್ರವನ್ನು ಓದುತ್ತಿದ್ದ ಕಾಲದಲ್ಲಿ ಅರಿಸ್ಟಾಟಲನ 'ಕಾವ್ಯಮೀಮಾಂಸೆ' ನಮಗೆ ಪಾಠವಾಗಿತ್ತು. ಇಡಿಯಾದದ್ದಕ್ಕೆ ಆದಿ, ಮಧ್ಯ, ಅಂತ್ಯಗಳಿರಬೇಕು ಎಂಬ ಅವನ ಮಾತು ಎಲ್ಲರಿಗೂ ಗೊತ್ತು. ಅವನು ಹೇಳಿದ ಇನ್ನೊಂದು ವಿಷಯ ಅಷ್ಟು ಪ್ರಸಿದ್ಧವಲ್ಲ. ಒಂದರಿಂದ ಒಂದು ಹುಟ್ಟದೆ ಬರಿದೇ ಒಂದರ ಹಿಂದೊಂದು ಬರುವ ಘಟನೆಗಳ ಕಥಾವಸ್ತುವೇ ಎಲ್ಲಕ್ಕಿಂತ ಕೀಳಾದದ್ದು ಎನ್ನುತ್ತಾನೆ ಅವನು. ಉತ್ತಮ ಕವಿಗಳೂ ಅಂಥದನ್ನು ಬರೆಯುವುದುಂಟು, ಏಕೆಂದರೆ ನಾಟಕ ಸ್ಪರ್ಧೆಗಾಗಿ ಬರೆಯುವಾಗ ಕಥೆಯನ್ನು ಅದರ ಶಕ್ತಿಗೆ ಮೀರಿ ಎಳೆಯಬೇಕಾಗುತ್ತದೆ ಎಂದೂ ಸೇರಿಸುತ್ತಾನೆ. ಇಪ್ಪತ್ತಮೂರು ಶತಮಾನಗಳ ಹಿಂದಿನ ಅಥೆನ್ಸಿನಲ್ಲಿಯೂ ಟಿ.ಆರ್.ಪಿ. ಇತ್ತೆಂದು ಇದರಿಂದ ತಿಳಿಯಬಹುದು!

ಸಂತ ಅಗಸ್ಟೀನರು ತಮ್ಮ 'ಆತ್ಮನಿವೇದನೆ'ಯ ಹನ್ನೊಂದನೆಯ ಭಾಗದಲ್ಲಿ ಕಾಲ ಎಂದರೇನು ಎಂಬುದನ್ನು ವಿವರಿಸಲು ಬಾಯಿಪಾಠವಾಗಿರುವ ಕೀರ್ತನೆಯೊಂದನ್ನು ಹಾಡುವ ಉದಾಹರಣೆಯನ್ನು ತೆಗೆದುಕೊಳ್ಳುತ್ತಾರೆ. ಹಾಡುವ ಮೊದಲು ಅದೆಲ್ಲ ನಿರೀಕ್ಷೆಯಲ್ಲಿರುತ್ತದೆ. ಹಾಡುತ್ತಾ ಹೋದಂತೆ ನಿರೀಕ್ಷೆ ಕುಗ್ಗುತ್ತದೆ, ನೆನಪು ಬೆಳೆಯುತ್ತದೆ. ಮುಗಿದಾಗ ಇಡೀ ಕೀರ್ತನೆ ನೆನಪಿನ ಪಾಲಾಗುತ್ತದೆ. ಒಂದು ಕೀರ್ತನೆಯಲ್ಲಿ ನಡೆಯುವುದೇ ಮನುಷ್ಯನ ಇಡೀ ಬಾಳಿನಲ್ಲಿಯೂ ನಡೆಯುತ್ತದೆ ಎನ್ನುತ್ತಾರೆ ಅವರು. ಮುಗಿಯದ ಧಾರಾವಾಹಿಯಲ್ಲಿ ನಿರೀಕ್ಷೆ ಕುಗ್ಗುವುದೇ ಇಲ್ಲ. ಆದಕಾರಣ ನೆನಪೂ ಬೆಳೆಯುವುದಿಲ್ಲ. ನೋಡುಗನು ಸದಾ 'ಮುಂದಿನ ಸಂಚಿಕೆ'ಯ ಹೊಸ್ತಿಲಲ್ಲಿಯೇ ನಿಂತಿರುತ್ತಾನೆ.

ಇದು ಕೇವಲ ಕಲೆಯ ಪ್ರಶ್ನೆಯಾಗಿದ್ದರೆ ವಿಮರ್ಶಕರಿಗೆ ಬಿಟ್ಟು ಸುಮ್ಮನಿರಬಹುದಿತ್ತು. ಇದರಲ್ಲಿ ನೀತಿಯ ಪ್ರಶ್ನೆಯೂ ಅಡಗಿದೆ. ಕಥೆ ಮುಗಿಯದಿದ್ದರೆ ಕರ್ಮಕ್ಕೆ ಫಲವಿಲ್ಲ. ಸಂಚು ಮಾಡಿದವಳು ಸಿಕ್ಕಿಬೀಳುತ್ತಾಳೆ, ಅತ್ತು ಕ್ಷಮೆ ಕೇಳುತ್ತಾಳೆ, ಮರುವಾರ ಹೊಸ ಸಂಚು ಹೂಡುತ್ತಾಳೆ. ಪಶ್ಚಾತ್ತಾಪಕ್ಕೂ ಬೆಲೆಯಿಲ್ಲ, ಕ್ಷಮೆಗೂ ಬೆಲೆಯಿಲ್ಲ. ಸತ್ತವನು ಬೇರೆ ಮುಖ ಹೊತ್ತು ಎದ್ದುಬರುತ್ತಾನೆ. ಇಲ್ಲಿ ನಮ್ಮ ಅಜ್ಜಂಪುರದ ಹೆಸರನ್ನು ತಮ್ಮ ಹೆಸರಿನೊಡನೆ ಹೊತ್ತ ಕಥೆಗಾರ 'ಆನಂದ', ಅಂದರೆ ಅಜ್ಜಂಪುರ ಸೀತಾರಾಂ ಅವರನ್ನು ನೆನೆಯಬೇಕು. ಅವರ 'ನಾನು ಕೊಂದ ಹುಡುಗಿ' ಎಂಬ ಸಣ್ಣಕಥೆಯಲ್ಲಿ ಸದುದ್ದೇಶದಿಂದಲೇ ಆಡಿದ ಬುದ್ಧಿಮಾತೊಂದು ಒಬ್ಬ ಎಳೆಯ ಹೆಣ್ಣಿನ ಸಾವಿನಲ್ಲಿ ಕೊನೆಗೊಳ್ಳುತ್ತದೆ. ಆಡಿದ ಮಾತನ್ನು ಹಿಂದಕ್ಕೆ ಪಡೆಯಲಾಗದು. ಕೆಲವೇ ಪುಟಗಳ ಆ ಕಥೆ ದಶಕಗಳ ಬಳಿಕವೂ ಓದುಗನನ್ನು ಕಾಡುತ್ತಿರುವುದು ಈ ಕಾರಣಕ್ಕೇ. ನಾವು ಮಾಡಿದ್ದು ಎಲ್ಲಿಗೋ ಹೋಗಿ ತಟ್ಟುತ್ತದೆ ಎಂಬ ಅರಿವನ್ನು ಒಳ್ಳೆಯ ಕಥೆ ಕೊಡುತ್ತದೆ. ಅದನ್ನು ಕಳೆದುಕೊಂಡ ಕಥೆ ಎಷ್ಟು ಕಣ್ಣೀರು ತರಿಸಿದರೂ ನಮ್ಮನ್ನು ಬೆಳೆಸುವುದಿಲ್ಲ.

ಈ ವಿಚಾರ ನನಗೆ ಮುಖ್ಯವೆನಿಸುವುದು ನೋಡುವವರು ಯಾರು ಎಂಬುದನ್ನು ಬಲ್ಲೆನಾದ್ದರಿಂದ. ಕಡೂರಿನ ತೆಂಗಿನ ತೋಟದ ಮನೆಗಳಲ್ಲಿ, ತರೀಕೆರೆಯ ಅಡಕೆ ಮನೆಗಳಲ್ಲಿ, ಅಜ್ಜಂಪುರದ ಓಣಿಗಳಲ್ಲಿ ಮಕ್ಕಳು ಬೆಂಗಳೂರಿಗೋ ಹೊರದೇಶಕ್ಕೋ ಹೋದ ಮೇಲೆ ಉಳಿದಿರುವ ವೃದ್ಧ ದಂಪತಿಗಳು, ಒಂಟಿ ತಾಯಂದಿರು ಎಷ್ಟೋ ಮಂದಿ. ಸಂಜೆ ಆರರಿಂದ ಹತ್ತರವರೆಗೆ ಅವರ ಮನೆಯಲ್ಲಿ ಕೇಳುವ ಮನುಷ್ಯರ ದನಿ ಆ ಪೆಟ್ಟಿಗೆಯದೊಂದೇ. ಜಪಸರದ ಹೊತ್ತನ್ನು ಧಾರಾವಾಹಿಗೆ ತಕ್ಕಂತೆ ಹಿಂದೆ ಮುಂದೆ ಮಾಡಿಕೊಳ್ಳುವ ಅಜ್ಜಿಯನ್ನು ಗದರುವ ಮನಸ್ಸು ನನಗಾಗದು. ಅವರ ಉಳಿದ ಸಂಜೆಗಳು ಎಣಿಕೆಯವು. ಅಂಥ ಸಂಜೆಗಳನ್ನು ವರ್ಷಗಟ್ಟಲೆ ತೆಗೆದುಕೊಂಡು, ಪ್ರತಿಯಾಗಿ ಒಂದು ಪೂರ್ಣ ಕಥೆಯನ್ನೂ ಕೊಡದಿರುವುದು ಅನ್ಯಾಯವೆಂದೇ ನನ್ನ ಅಭಿಪ್ರಾಯ.

'ಸ್ವಾಮಿ, ಅವರಿಗೆ ಬೇಕಾಗಿರುವುದು ಕಥೆಯಲ್ಲ, ಜೊತೆ. ಜೊತೆಗೇಕೆ ಅಂತ್ಯ ಬೇಕು?' ಎಂದು ಕೆಲವರು ಕೇಳಬಹುದು. ಈ ಆಕ್ಷೇಪದಲ್ಲಿ ಸತ್ಯಾಂಶವಿದೆ. ಆದರೆ ಆ ಜೊತೆಯೂ ಭರವಸೆಯದಲ್ಲ. 2020ರ ಮಾರ್ಚ್ ತಿಂಗಳಲ್ಲಿ ಲಾಕ್‌ಡೌನ್ ಬಂದು ಚಿತ್ರೀಕರಣಗಳು ನಿಂತವು. 2018ರಲ್ಲಿ ಆರಂಭವಾಗಿ ಅಪಾರ ಮೆಚ್ಚುಗೆ ಗಳಿಸಿದ್ದ 'ಮಗಳು ಜಾನಕಿ' ಆ ದಿನಗಳಲ್ಲಿ ನಡುದಾರಿಯಲ್ಲಿಯೇ ನಿಂತುಹೋಯಿತು. ಜಾನಕಿಯ ಗತಿಯೇನಾಯಿತು ಎಂದು ನೋಡುಗರು ಬಹುಕಾಲ ಕೇಳುತ್ತಿದ್ದರು. ಅದು ಯಾರ ತಪ್ಪೂ ಆಗಿರಲಿಲ್ಲ. ಆದರೂ ನಿಲ್ಲುವುದಕ್ಕೂ ಮುಗಿಯುವುದಕ್ಕೂ ಎಷ್ಟು ಅಂತರ ಎಂಬುದನ್ನು ಆ ಘಟನೆ ನಮಗೆಲ್ಲ ಕಲಿಸಿತು. ಅದೇ ಮಾರ್ಚ್ 28ರಂದು ದೂರದರ್ಶನವು 1987ರ 'ರಾಮಾಯಣ'ವನ್ನು ಮತ್ತೆ ಆರಂಭಿಸಿದಾಗ, ಕೊನೆ ಏನೆಂದು ಚೆನ್ನಾಗಿ ಗೊತ್ತಿದ್ದ ಜನರೇ ಅದರ ಮುಂದೆ ಕುಳಿತರು. ಕೊನೆ ತಿಳಿದಿರುವುದರಿಂದ ಕಥೆಯ ಸ್ವಾರಸ್ಯ ಕೆಡುವುದಿಲ್ಲ ಎಂಬುದಕ್ಕೆ ಬೇರೆ ಸಾಕ್ಷಿ ಬೇಕೇ?

ಹೊಸ ಧಾರಾವಾಹಿಗಳಲ್ಲಿ ಒಳ್ಳೆಯ ಆರಂಭಗಳಿಗೆ ಕೊರತೆಯಿಲ್ಲ. 2021ರ ಡಿಸೆಂಬರಿನಲ್ಲಿ ಬಂದ 'ಪುಟ್ಟಕ್ಕನ ಮಕ್ಕಳು' ಧಾರಾವಾಹಿಯಲ್ಲಿ ಗಂಡನಿಂದ ದೂರವಾದ ಹೆಂಗಸೊಬ್ಬಳು ಮೆಸ್ ನಡೆಸಿ ಮೂವರು ಹೆಣ್ಣುಮಕ್ಕಳನ್ನು ತಲೆಯೆತ್ತಿ ಬಾಳುವಂತೆ ಬೆಳೆಸುತ್ತಾಳೆ. ಉಮಾಶ್ರೀಯವರು ಆ ತಾಯಿಯನ್ನು ನಟಿಸಿದಾಗ ನಮ್ಮ ಊರಿನ ಹೋಟೆಲಿನ ಒಲೆಯ ಮುಂದೆ ನಿಂತ ಯಾವುದೋ ತಾಯಿಯನ್ನೇ ಕಂಡಂತಾಯಿತು. ಇಂಥ ಬೀಜಗಳು ನಮ್ಮ ನೆಲದಲ್ಲಿವೆ. ಬೇಕಾಗಿರುವುದು ಫಸಲು ಮಾಗಿದಾಗ ಕೊಯ್ಯುವ ವಿವೇಕ. ಮಾಗಿದ ತೆನೆಯನ್ನು ಹೊಲದಲ್ಲಿಯೇ ಬಿಟ್ಟರೆ ಅದು ಉದುರಿಹೋಗುತ್ತದೆ ಎಂಬುದನ್ನು ರಾಗಿ ಬೆಳೆಯುವ ನಮ್ಮ ಸೀಮೆಯವರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ.

ಆದ್ದರಿಂದ ವಾಹಿನಿಗಳವರಲ್ಲಿ ಒಂದು ಬಿನ್ನಹ. ಕಥೆಯನ್ನು ಆರಂಭಿಸುವ ದಿನವೇ ಅದು ಎಷ್ಟು ಕಂತುಗಳದ್ದು ಎಂದು ಘೋಷಿಸಿರಿ. ಜನ ಮೆಚ್ಚಿದರೆ ಮುಗಿಸಿ ಮತ್ತೆ ಬನ್ನಿರಿ, ನಾವು ಕಾದಿರುತ್ತೇವೆ. ಓದುಗರಲ್ಲಿಯೂ ಒಂದು ಬಿನ್ನಹ. ನಾಲ್ಕು ತಾಸು ಏಳೆಂಟು ಕಥೆಗಳನ್ನು ಅರೆಗಣ್ಣಿನಿಂದ ನೋಡುವ ಬದಲು ಒಂದೆರಡನ್ನು ಆರಿಸಿಕೊಳ್ಳೋಣ, ಮನೆಯವರೆಲ್ಲ ಕೂಡಿ ನೋಡೋಣ, ಮುಗಿದ ಮೇಲೆ ಟಿ.ವಿ. ಆರಿಸಿ ಆ ಪಾತ್ರ ಮಾಡಿದ್ದು ಸರಿಯೇ ತಪ್ಪೇ ಎಂದು ಹತ್ತು ನಿಮಿಷ ಮಾತನಾಡೋಣ. ದೂರದ ಊರಿನಲ್ಲಿರುವ ಮಕ್ಕಳು ಫೋನು ಮಾಡಿದಾಗ 'ಅಮ್ಮಾ, ಊಟ ಆಯಿತೇ?' ಎಂದಷ್ಟೇ ಕೇಳದೆ, 'ನಿನ್ನೆ ಪುಟ್ಟಕ್ಕ ಏನು ಮಾಡಿದಳು?' ಎಂಬಂಥ ಪ್ರಶ್ನೆಯೊಂದನ್ನೂ ಸೇರಿಸಲಿ. ತಾಯಿ ಆ ಕಥೆಯನ್ನು ತನ್ನ ಮಾತಿನಲ್ಲಿ ಹೇಳಲು ತೊಡಗಿದಾಗ, ವಾಹಿನಿಯವರು ಮುಗಿಸದೆ ಬಿಟ್ಟ ಕಥೆಗೂ ಒಂದು ಆಕಾರ ದೊರೆಯುತ್ತದೆ.