ಹೊಸ ಟಪಾಲು ಪೆಟ್ಟಿಗೆ ಬರಲಿ, ಹಳೆಯದಕ್ಕೆ ಅವಸರದ ಬೀಗ ಬೇಡ



ಕೇಂದ್ರ ಸರಕಾರವು ತನ್ನ ಸುಮಾರು 12 ಲಕ್ಷ ನೌಕರರ ಇ-ಮೇಲನ್ನು ಜೋಹೋ ಕಂಪನಿಯ ವ್ಯವಸ್ಥೆಗೆ ಸಾಗಿಸಿದ ಸುದ್ದಿಯನ್ನು 2025ರಲ್ಲಿ ನೀವು ಓದಿರಬಹುದು. ಯಂತ್ರ ಬದಲಾಯಿತು, ಆದರೆ ವಿಳಾಸದ ಕೊನೆಯ ‘ಗವ್ ಡಾಟ್ ಇನ್’, ‘ಎನ್‌ಐಸಿ ಡಾಟ್ ಇನ್’ ಹಾಗೆಯೇ ಉಳಿದವು. ಪತ್ರ ಬರೆಯುವವರು ಹೊಸ ವಿಳಾಸ ಕಲಿಯಬೇಕಾಗಲಿಲ್ಲ.

ನಮ್ಮ ಜತ್ತ ತಾಲೂಕಿನ ಕನ್ನಡ ಶಾಲೆಯೊಂದು ಉಚಿತ ಇ-ಮೇಲನ್ನು ಬಳಸುತ್ತಿದ್ದರೆ ಅದಕ್ಕೆ ಈ ಅನುಕೂಲವಿಲ್ಲ. ಸೇವೆ ಬದಲಾದ ದಿನವೇ ವಿಳಾಸವೂ ಬದಲಾಗುತ್ತದೆ. ಕನ್ನಡ ಶಿಕ್ಷಕರ ಖಾಲಿ ಹುದ್ದೆಗಾಗಿ ಜಿಲ್ಲಾ ಪರಿಷತ್ತಿಗೋ ಭಾಷಾ ಅಲ್ಪಸಂಖ್ಯಾತರ ಆಯುಕ್ತರಿಗೋ ಹಿಂದೆ ಬರೆದ ಮನವಿಗೆ ಉತ್ತರ ಬರುವುದು ಹಳೆಯ ವಿಳಾಸಕ್ಕೇ. ಅದನ್ನು ತೆರೆಯುವವರೇ ಇಲ್ಲದಿದ್ದರೆ ಉತ್ತರ ಬಂದೂ ಬಾರದಂತೆ. ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯ ಶಿಕ್ಷಣಕ್ಕೆ ಸೌಲಭ್ಯ ಒದಗಿಸಬೇಕೆನ್ನುವ 350ಎ ವಿಧಿಯು 1956ರಲ್ಲಿಯೇ ಸಂವಿಧಾನಕ್ಕೆ ಸೇರಿದೆ. ಆ ಹಕ್ಕನ್ನು ಯಾವ ದಿನ, ಯಾರ ಬಳಿ ಕೇಳಿದೆವು ಎಂಬುದಕ್ಕೆ ಆಧಾರ ಈ ಪತ್ರಗಳೇ.

ಆದ್ದರಿಂದ ಬದಲಾವಣೆ ಹಂತ ಹಂತವಾಗಿ ಆಗಬೇಕು. ಮೊದಲು ಒಬ್ಬಿಬ್ಬರು ಶಿಕ್ಷಕರು ಹೊಸ ವಿಳಾಸವನ್ನು ಬಳಸಿ ನೋಡಲಿ. ಹಳೆಯ ಪೆಟ್ಟಿಗೆಗೆ ಬಂದ ಪತ್ರ ತಾನಾಗಿಯೇ ಹೊಸದಕ್ಕೆ ಹೋಗುವಂತೆ ಏರ್ಪಾಡು ಮಾಡಲಿ. ಬಳಿಕ ಹಳೆಯ ಪತ್ರಗಳನ್ನೆಲ್ಲ ನಕಲು ಮಾಡಿ, ಎಣಿಕೆ ಸರಿಯಿದೆಯೇ ಎಂದು ತಾಳೆ ನೋಡಲಿ. ಯುನಿಕೋಡ್ ಅಲ್ಲದ ಹಳೆಯ ಕನ್ನಡ ಫಾಂಟುಗಳಲ್ಲಿ ಟೈಪಾದ ಮನವಿಗಳು ಹೊಸ ಕಂಪ್ಯೂಟರಿನಲ್ಲಿ ಅರ್ಥವಿಲ್ಲದ ಚಿಹ್ನೆಗಳಾಗಿ ಕಾಣಬಹುದು. ಹಳೆಯ ಕಂಪ್ಯೂಟರು ಕೈಬಿಡುವ ಮೊದಲೇ ಅವುಗಳನ್ನು ಮುದ್ರಿಸಿ ಕಡತಕ್ಕೆ ಸೇರಿಸಬೇಕು. ಎಲ್ಲ ಕಚೇರಿಗಳಿಗೂ ಹೊಸ ವಿಳಾಸ ತಿಳಿಸಿ ಸ್ವೀಕೃತಿ ಪಡೆಯಬೇಕು. ಪಾಲಕರಿಗೆ ಈ ಸೂಚನೆ ಕನ್ನಡದಲ್ಲಿಯೇ ಬರಬೇಕು.

ಎರಡೆರಡು ಪೆಟ್ಟಿಗೆ ನೋಡುವುದು ದುಪ್ಪಟ್ಟು ಕೆಲಸವೆಂದು ಕೆಲವರು ಹೇಳುತ್ತಾರೆ. ಶಿಕ್ಷಕರಿಗೆ ಕೆಲಸದ ಹೊರೆ ಇರುವುದು ನಿಜ. ಆದರೆ ವಾರಕ್ಕೊಮ್ಮೆ ಹಳೆಯ ಪೆಟ್ಟಿಗೆ ತೆರೆಯಲು ಹತ್ತು ನಿಮಿಷ ಸಾಕು, ಕಳೆದ ಮನವಿಯನ್ನು ಮೊದಲಿನಿಂದ ಬರೆಯಲು ಒಂದು ಶೈಕ್ಷಣಿಕ ವರ್ಷವೇ ಹೋದೀತು. ಎರಡು ವರ್ಷ ಬಳಸದ ವೈಯಕ್ತಿಕ ಖಾತೆಗಳನ್ನು ಗೂಗಲ್ ಕಂಪನಿ 2023ರ ಡಿಸೆಂಬರಿನಿಂದ ಅಳಿಸತೊಡಗಿದೆ ಎಂಬುದೂ ನೆನಪಿರಲಿ. ತಾನಾಗಿ ಉಳಿದುಕೊಳ್ಳುತ್ತದೆಂದು ನಂಬಿ ಕೂಡುವಂತಿಲ್ಲ.

ಇನ್ನೊಂದು ಮಾತು. ಪಾಸ್‌ವರ್ಡ್ ಒಬ್ಬರೇ ಗುರುಗಳ ಮೊಬೈಲಿಗೆ ಅಂಟಿಕೊಂಡಿದ್ದರೆ, ಅವರ ಬದಲಿಯೊಡನೆ ಶಾಲೆಯ ಪೆಟ್ಟಿಗೆಯೂ ಹೋದಂತೆಯೇ. ಅದು ಮುಖ್ಯಾಧ್ಯಾಪಕರ ಜೊತೆಗೆ ಇನ್ನೊಬ್ಬ ಜವಾಬ್ದಾರರ ಬಳಿಯೂ ಇರಬೇಕು.

2009ರ ಶಿಕ್ಷಣ ಹಕ್ಕು ಕಾಯ್ದೆಯಂತೆ ಶಾಲಾ ವ್ಯವಸ್ಥಾಪನ ಸಮಿತಿಯಲ್ಲಿ ಕನಿಷ್ಠ ಮುಕ್ಕಾಲು ಪಾಲು ಸದಸ್ಯರು ಪಾಲಕರೇ. ಇದು ಕಂಪ್ಯೂಟರಿನವರ ಕೆಲಸ, ನಮಗೇಕೆ ಎಂದು ಸುಮ್ಮನಿರಬೇಡಿ. ಹೊಸ ವಿಳಾಸ ಬರುವುದಾದರೆ ಒಂದು ಪೂರ್ಣ ಶೈಕ್ಷಣಿಕ ವರ್ಷ ಹಳೆಯದೂ ತೆರೆದಿರಲಿ ಎಂದು ಮುಂದಿನ ಸಭೆಯಲ್ಲಿ ಠರಾವು ಮಾಡಿಸಿರಿ, ಅದನ್ನು ನಡಾವಳಿಯಲ್ಲಿ ಬರೆಯಿಸಿರಿ.